ಡೇರಿ ಕಂಪ್ಯೂಟರಿಗೆ ಐವರು ಡಾಕ್ಟರು

ಮಧುರೆ ಹೋಬಳಿಯ ಆ ಊರಿನ ಹಾಲಿನ ಡೇರಿಯಲ್ಲಿ ಕಂಪ್ಯೂಟರು ಒಬ್ಬರ ಹೆಸರು ತೆರೆಯುವಷ್ಟರಲ್ಲಿ, ಸಾಲಿನಲ್ಲಿ ನಿಂತವರು ಎರಡು ಮನೆಯ ವಿಷಯ ಮಾತಾಡಿ ಮುಗಿಸಿ ಮೂರನೆಯದಕ್ಕೆ ಕೈ ಹಾಕುತ್ತಿದ್ದರು. ಆ ದಿನ ಬೆಳಿಗ್ಗೆ ಎರಡು ಕ್ಯಾನು ತುಂಬುವ ಮೊದಲೇ ಹಾಲಿನ ವ್ಯಾನು ಹೊರಟುಹೋಯಿತು. ಉಳಿದ ಹಾಲು ಮನೆಗಳಿಗೆ ವಾಪಸ್ಸಾಗಿ, ಹಬ್ಬವಿಲ್ಲದೆ ಊರಿಗೆ ಊರೇ ಪಾಯಸ ಕುಡಿಯಿತು.

"ನಾಳೆ ಏಳೂಕಾಲು ಕಣಕ್ಕ," ಎಂದು ವ್ಯಾನಿನ ಅಂಬರೀಶ ಹೋಗುವಾಗಲೇ ಹೇಳಿದ್ದ. "ಕ್ಯಾನ್ ತುಂಬಿದ್ರೂ ಹೊರಡ್ತೀನಿ, ತುಂಬ್ದಿದ್ರೂ ಹೊರಡ್ತೀನಿ."

ಡೇರಿಯ ಸೆಕ್ರೆಟರಿ ರುಕ್ಮಿಣಮ್ಮನಿಗೆ ಪಾಯಸ ಇಳಿಯಲಿಲ್ಲ. ನಾಳೆಯೂ ಹಾಲು ಉಳಿದರೆ ಜನ ಬಯ್ಯುವುದು ಕಂಪ್ಯೂಟರನ್ನಲ್ಲ, ತನ್ನನ್ನು.

ಹನ್ನೊಂದಕ್ಕೆ ಸಭೆ ಸೇರಿತು. ಅಧ್ಯಕ್ಷ ಸಂಜೀವಪ್ಪ ಎರಡು ತಿಂಗಳ ಹಿಂದೆ ಸ್ಪ್ಯಾನರ್ ಚಿತ್ರದ ರಿಪೇರಿ ಸಾಫ್ಟ್‌ವೇರೊಂದನ್ನು ಹಾಕಿಸಿದ್ದರು. "ಒಂದೇ ಏಟಿಗೆ ಸಾವಿರದೆಂಟ್ನೂರು ತಪ್ಪು ಹಿಡೀತು. ಅಷ್ಟು ಚುರುಕು ಯಾವ್ದಿದೆ?"

ನೆಲಮಂಗಲದ ಗೋಡೌನಿನಲ್ಲಿ ಬಿಲ್ ಬರೆಯುವ ಉಮಾಶಂಕರ್ ನಕ್ಕ. "ಹಿಡಿದು ಏನ್ಮಾಡ್ತು, ಸಾಕ್ಕೊಂಡ್ತಾ? ಗುರಾಣಿ ಚಿತ್ರದ್ದು ಹಾಕಿ ನೋಡಿ, ಗುರು." ಹೇಳಿದವನೇ ಹಾಕಿಯೂಬಿಟ್ಟ.

"ಎರಡೂ ಇರ್ಲಿ ಬಿಡ್ರಪ್ಪ," ಎಂದರು ಮಾಜಿ ಅಧ್ಯಕ್ಷ ಆವಲಪ್ಪ. "ಒಂದು ಮಾತ್ರೆ ನಾಟ್ದಿದ್ರೆ ಇನ್ನೊಂದು ನಾಟುತ್ತೆ."

"ಸಂಜೆವರ್ಗೂ ಬಿಡಿ, ಯಾವ್ದು ಅಂತ ನಾನು ನೋಡ್ತೀನಿ," ಎಂದಳು ರುಕ್ಮಿಣಮ್ಮ.

"ನೋಡಮ್ಮ. ನಂದೊಂದು ತೆಗೀಬೇಡ," ಎಂದು ಸಂಜೀವಪ್ಪ ಎದ್ದರು.

ಕಂಪ್ಯೂಟರಿನ ಹೊಟ್ಟೆಯೊಳಗಿನದು ರುಕ್ಮಿಣಮ್ಮನಿಗೆ ತಿಳಿಯದು, ಹಾಲು ತಿಳಿದಿತ್ತು. ಫ್ಯಾಟು ಕಡಿಮೆ ಬಂತೆಂದು ಯಾರಾದರೂ ಜಗಳಕ್ಕೆ ನಿಂತರೆ ಅವಳು ಅದೇ ಹಾಲನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ಮತ್ತೆ ಮಿಷನ್ನಿಗೆ ಇಡುತ್ತಿದ್ದಳು. ಎರಡು ಸಲವೂ ಒಂದೇ ಬಂದರೆ ಮಿಷನ್ನು ಸರಿ. ಬೇರೆ ಬಂದರೆ ಬುದ್ಧಿ ಹೇಳಬೇಕಾದದ್ದು ಮಿಷನ್ನಿಗೇ.

ಮೈದುನನ ಮಗಳು ಅಕ್ಷತಳನ್ನು ಕರೆಸಿದಳು. ಅವಳ ಲ್ಯಾಪ್‌ಟಾಪು ಶನಿವಾರ ಬಂದದ್ದು, ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರಲಿಲ್ಲ. ಮೊದಲು ಸ್ಪ್ಯಾನರನ್ನು ಅದಕ್ಕೆ ಹಾಕಿಸಿದಳು.

"ದೊಡ್ಡಮ್ಮ, ಸಾವಿರದ ಒಂಬೈನೂರ ಹನ್ನೊಂದು ತಪ್ಪಂತೆ," ಎಂದಳು ಅಕ್ಷತ, ಮುಖ ಸಣ್ಣದು ಮಾಡಿಕೊಂಡು.

"ಹುಟ್ಟಿದ ಕರುಗೆ ಮುಪ್ಪಿನ ರೋಗ ಹೇಳ್ತದೆ. ತೆಗಿ ಅದನ್ನ."

ಗುರಾಣಿಯ ಸರದಿ. ಅದು ಡೇರಿಯ ಕಂಪ್ಯೂಟರಿನಲ್ಲಿ ಮುನ್ನೂರ ಹನ್ನೆರಡು ದೋಷ ಹಿಡಿದು, ಎಲ್ಲವನ್ನೂ ಸರಿಮಾಡಿದೆ ಎಂದು ಹಸಿರು ಬಣ್ಣ ತೋರಿಸಿತು. ರುಕ್ಮಿಣಮ್ಮ ತಕ್ಷಣ ಇನ್ನೊಮ್ಮೆ ಓಡಿಸಿದಳು. ಮುನ್ನೂರ ನಲವತ್ತು.

"ತೊಳೆದ ಮೇಲೆ ಕೊಳೆ ಜಾಸ್ತಿ ಆಗೋ ಪಾತ್ರೆ ಇದೇ ಮೊದಲು ನೋಡಿದ್ದು."

ಅಕ್ಷತ ಏನೋ ಒತ್ತಿ ಒಂದು ಪಟ್ಟಿ ತೆರೆದಳು. ಬೆಳಿಗ್ಗೆ ಕಂಪ್ಯೂಟರು ಏಳುತ್ತಿದ್ದ ಹಾಗೆ ಯಾರ‍್ಯಾರು ಅದರ ಹೆಗಲೇರುತ್ತಾರೆ ಎಂಬುದು ಅಲ್ಲಿತ್ತು. ಒಬ್ಬಿಬ್ಬರಲ್ಲ, ಐವರು ಡಾಕ್ಟರು. ಸ್ಪ್ಯಾನರು, ಗುರಾಣಿಯ ಜೊತೆಗೆ ಒಂದು ಆವಲಪ್ಪನ ಕಾಲದ್ದು, ಒಂದು ಅವರಿಗೂ ಮುಂಚಿನ ಅಧ್ಯಕ್ಷ ಅಪ್ಪಯ್ಯಣ್ಣನದು, ಒಂದು ಅದಕ್ಕೂ ಹಿಂದಿನವರದು. ಹೊಸ ಅಧ್ಯಕ್ಷರು ಹಳಬರ ಫೋಟೋವನ್ನು ಗೋಡೆಯಿಂದ ಇಳಿಸುವ ಪದ್ಧತಿ ಆ ಊರಲ್ಲಿಲ್ಲ. ಪಕ್ಕದಲ್ಲಿ ತಮ್ಮದೊಂದು ಮೊಳೆ ಹೊಡೆಯುತ್ತಾರೆ. ಕಂಪ್ಯೂಟರಿಗೂ ಅದೇ ಮರ್ಯಾದೆ ಸಂದಿತ್ತು. ಐವರೂ ದಿನವಿಡೀ ಒಬ್ಬರನ್ನೊಬ್ಬರು ಪರೀಕ್ಷೆ ಮಾಡುತ್ತ ಕೂತಿದ್ದರು. ರೋಗಿ ನರಳುತ್ತಿತ್ತು.

"ಇವ್ಯಾವೂ ಬೇಡ ದೊಡ್ಡಮ್ಮ. ಗುಡಿಸೋದು, ಕಾಯೋದು ಎರಡೂ ಕಂಪ್ಯೂಟರ್ ಜೊತೇಲೇ ಬಂದಿರ್ತವೆ. ಅವು ಸಾಕು."

"ಮೊದ್ಲು ಹಾಲಿನ ದಾಖಲೆಯೆಲ್ಲ ಪೆನ್‌ಡ್ರೈವ್‌ಗೆ ಇಳಿಸು. ಆಮೇಲೆ ಐದನ್ನೂ ಕಳಿಸ್ಬಿಡು."

"ಪರದೆ ಮೇಲಿನ ಅವುಗಳ ಚಿತ್ರಗಳೂ ಹೋಗ್ತವೆ. ಸಂಜೀವಪ್ಪ ಮಾವ ನೋಡಿದ್ರೆ?"

ರುಕ್ಮಿಣಮ್ಮ ಯೋಚಿಸಿದಳು. ಕಾಯಿಲೆ ವಾಸಿ ಮಾಡಬಹುದು, ಮುನಿಸು ವಾಸಿ ಮಾಡುವುದು ಕಷ್ಟ. "ಪರದೇದೊಂದು ಫೋಟೋ ಹೊಡ್ಕೊಂಡು, ಅದನ್ನೇ ಪರದೆಗೆ ಹಿನ್ನೆಲೆಯಾಗಿ ಅಂಟಿಸೋಕಾಗುತ್ತಾ?"

ಅಕ್ಷತ ನಗು ತಡೆದುಕೊಂಡು ಹಾಗೇ ಮಾಡಿದಳು. ಒಳಗೆ ಒಬ್ಬ ಡಾಕ್ಟರೂ ಇಲ್ಲ. ಹೊರಗೆ ಐವರ ಬೋರ್ಡೂ ಇದ್ದಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಹೆಸರು ಒತ್ತಿದ ಕೂಡಲೇ ಚೀಟಿ ಬಂತು. ಸಾಲಿನಲ್ಲಿದ್ದ ಮಾರಕ್ಕನಿಗೆ ಮಾತು ಶುರುಮಾಡಲೂ ಪುರುಸೊತ್ತಾಗಲಿಲ್ಲ. ಏಳಕ್ಕೆಲ್ಲ ಕ್ಯಾನುಗಳು ವ್ಯಾನೇರಿದವು. ಅಂಬರೀಶನ ಟೀ ಇನ್ನೂ ಅರ್ಧ ಲೋಟ ಉಳಿದಿತ್ತು.

"ಸ್ಪ್ಯಾನರು ನಾಟೋದಕ್ಕೆ ಎರಡು ತಿಂಗಳು ಹಿಡೀತು ನೋಡಿ," ಎಂದರು ಸಂಜೀವಪ್ಪ, ಎಲ್ಲರಿಗೂ ಕೇಳುವಂತೆ.

"ಗುರಾಣಿ ಬಿದ್ದಿದ್ದು ನಿನ್ನೆ, ಗುಣ ಕಂಡಿದ್ದು ಇವತ್ತು," ಎಂದ ಉಮಾಶಂಕರ್.

ಆವಲಪ್ಪ ಚೊಂಬು ಹಿಡಿದೇ ಪರದೆಗೆ ಬಗ್ಗಿ ತಮ್ಮ ಕಾಲದ ಚಿತ್ರವನ್ನು ಹುಡುಕಿಕೊಂಡರು. "ನಂದೂ ಇದೆ. ಒಂದ್ಸಲ ಒತ್ತಿ ನೋಡವ್ವ."

"ಬೇಡ ಬಿಡಿ, ಆವಲಪ್ಪನೋರೆ," ಎಂದಳು ರುಕ್ಮಿಣಮ್ಮ, ಮುಂದಿನ ಲೋಟ ಮಿಷನ್ನಿಗೆ ಇಡುತ್ತ. "ಅಷ್ಟು ವರ್ಷ ದುಡಿದಿದೆ. ಮಲ್ಕೊಂಡಿರ್ಲಿ."