ಬಚ್ಚಲ ಕಾಲುವೆಯ ಸಾಲು

ಪುಡಿ ಇನ್ನೂ ಕರಗಿರಲಿಲ್ಲ. ಸುವರ್ಣಾ ಡ್ರಮ್ಮಿನ ನೀರನ್ನು ಕೋಲಿನಿಂದ ತಿರುವುತ್ತಲೇ ಇದ್ದಳು. ಪಡಸಾಲೆಯಲ್ಲಿ ಅತ್ತೆಯ ಕೆಮ್ಮು ನಿಂತು ಬಹಳ ಹೊತ್ತಾಯಿತೆಂದು ಹೊಳೆದಾಗ ಕೋಲೂ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಅತ್ತೆ ರೇವವ್ವನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಸುವರ್ಣಾಳ ಗಂಡ ಕಾಂತು ಕುಣಿ ತೋಡಿಸಲು ಹೋಗಿದ್ದ. ಎಷ್ಟು ಕಾಡಿದರೂ ಬೆಳೆಗೆ ಬರದಿದ್ದ ಮೋರಟಗಿಯ ನೀರಿನ ಟ್ಯಾಂಕರ್ ಸಾವಿಗೆ ಒಂದೇ ಫೋನಿಗೆ ಬಂದು ಅಂಗಳದಲ್ಲಿ ನಿಂತಿತ್ತು. ಸುವರ್ಣಾಳಿಗೆ ಅಳು ಬರಲಿಲ್ಲ, ನಿದ್ದೆ ಬರುತ್ತಿತ್ತು.

ರೇವವ್ವನ ಮೈದುನ ಸಿದ್ದರಾಯ ಡ್ರಮ್ಮಿಗೆ ತಂಬಿಗೆ ಅದ್ದಲು ಹೋದ.

"ಮುಟ್ಟಬ್ಯಾಡ್ರಿ ಮಾವಾರ, ಹೂವಿಗೆ ಹೊಡಿಯೂ ಔಷಧ ಅದು."

"ಹೆಣ ಮನ್ಯಾಗ ಐತಿ, ನಿನಗ ಹೂವಿನ ಚಿಂತಿ!"

ನೆರೆಮನೆಯ ಸುಲ್ತಾನಬಿ ಬಿಡಲಿಲ್ಲ. "ಸಾವೇನು ಹೇಳಿ ಬರ್ತೈತೇನ್ರಿ ಅಣ್ಣಾರ? ಮುದುಕಿಗೂ ಅದ ಧ್ಯಾನ ಇತ್ತು. ಈಗ ಕಣ್ಣು ಬಿಟ್ರ ಮೊದಲ ಕೇಳಾಕಿ, 'ಅವರಿ ಕಾಯಿ ಹಿಡದೈತೇನಬೇ' ಅಂತ!"

ಅಳುತ್ತಿದ್ದವರಲ್ಲೇ ಯಾರೋ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

*

ಹೋದ ವರ್ಷ ಇದೇ ಸತು, ಬೋರಾನಿನ ಪುಡಿಯನ್ನು ಸುವರ್ಣಾ ಹಿತ್ತಲ ಅವರೆಗೆಲ್ಲ ಹೊಡೆದಿದ್ದಳು. ಬೋರು ಬತ್ತಿ ನೆಲ ಬಿರಿದಿತ್ತು. ಹೂವು ಕಾಯಿ ಕಟ್ಟದೆ ಉದುರಿದವು. ಬಚ್ಚಲ ಕಾಲುವೆ ಹಾಯುವ ಸಾಲಿನಲ್ಲಿ ಮಾತ್ರ ಗೊಂಚಲು ಗೊಂಚಲು ಕಾಯಿ.

"ಔಷಧ ಛಲೋನ ಐತಿ," ಎಂದಿದ್ದಳು ರೇವವ್ವ ಕಾಯಿ ಹರಿಯುತ್ತ. "ಆದ್ರ ಗಂಟಲ ಒಣಗಿದಾಕಿ ಮುಂದ ಹೋಳಿಗಿ ಇಟ್ರ ನುಂಗ್ತಾಳೇನು? ಮೊದಲ ನೀರ ಕೊಡು."

ರೇವವ್ವ ತವರಿನಿಂದ ತಂದ ಅವರೆ ಬೀಜ ಆ ಸಾಲಿನಿಂದಾಗಿ ಉಳಿದಿತ್ತು. ಅಷ್ಟನ್ನೂ ಈ ಸಲ ಬಿತ್ತಿದ್ದರು. ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದಳು. ಮೀಯಿಸುವ ಬದಲು ಒದ್ದೆ ಬಟ್ಟೆಯಲ್ಲಿ ಮೈ ಒರೆಸುವ ಮನೆಯಲ್ಲಿ ಬಚ್ಚಲ ಕಾಲುವೆಗೆ ಹರಿಯುವ ನೀರೆಲ್ಲಿ? ಆ ಸಾಲೂ ಬಾಡಿತು. ಈ ಸಲವೂ ಹೂವು ಉದುರಿದರೆ ಮುಂದೆ ಬಿತ್ತಲು ಆ ಬೀಜ ಇರುವುದಿಲ್ಲ.

*

ಮಣ್ಣು ಮಾಡಿ ಬಂದವರೆಲ್ಲ ಅಂಗಳದ ಕಲ್ಲಿನ ಮೇಲೆ ಮೈ ತೊಳೆಯತೊಡಗಿದರು. ಟ್ಯಾಂಕರಿನ ಪೈಪು ಬಿಡುವಿಲ್ಲದೆ ಸುರಿಯುತ್ತಿತ್ತು; ಆ ನೀರು ಬಚ್ಚಲ ಕಾಲುವೆಗೆ ಇಳಿಯುತ್ತಿತ್ತು.

"ಕಾಲಿವಿ ನೋಡವಾ ಸುವರ್ಣಾ," ಎಂದು ಸಿದ್ದರಾಯ ಕೂಗಿದ. "ಸಾವಿನ ನೀರು ಬೆಳಿಗೆ ಹತ್ತಬಾರದು. ದಾರಿ ಕಡೆ ಹೊಂಟು ಹೋಗಲಿ."

"ಹೂನ್ರಿ."

ಸಲಿಕೆ ಹಿಡಿದು ಹಿತ್ತಲಿಗೆ ಹೋದಳು. ಕಾಲುವೆ ಅಲ್ಲಿ ಕವಲೊಡೆಯುತ್ತಿತ್ತು: ಒಂದು ದಾರಿಯ ಕಡೆಗೆ, ಇನ್ನೊಂದು ಅವರೆಗೆ. ಬಳ್ಳಿಗಳ ಬುಡದಲ್ಲಿ ನೇರಳೆ ಹೂಗಳು ಬಿದ್ದಿದ್ದವು. ಮೇಲೆ ಇನ್ನೂ ಕೆಲವು ಹಿಡಿದುಕೊಂಡಿದ್ದವು. ಸುವರ್ಣಾ ದಾರಿಯ ಕಡೆಯ ಬಾಯಿಗೆ ಮಣ್ಣು ಎಳೆದು, ಕಾಲಿನಿಂದ ತುಳಿದು ಗಟ್ಟಿ ಮಾಡಿದಳು.

"ಆತೇನವಾ?"

"ಆತ್ರಿ."

ಸೋಪಿನ ನೊರೆ ಹೊತ್ತ ನೀರು ನೆಲದ ಒಂದೊಂದು ಬಿರುಕಿಗೂ ಇಳಿದು, ತಡೆದು, ಉದುರಿದ ಹೂಗಳನ್ನು ಎತ್ತಿಕೊಂಡು ಸಾಲಿನೊಳಗೆ ಸರಿಯಿತು. ಹೊತ್ತು ಇಳಿಯುತ್ತಿತ್ತು. ಅವಳು ಡ್ರಮ್ಮಿನ ಬಳಿ ಬಂದು, ತಳಕ್ಕೆ ಕೂತಿದ್ದ ಪುಡಿಯನ್ನು ಸದ್ದಾಗದಂತೆ ಕೋಲಿನಿಂದ ತಿರುವತೊಡಗಿದಳು.