ಹತ್ತರವರೆಗೆ ಎಣಿಸಿದ ರೇಡಿಯೊ ಮಾಮ

ನಮ್ಮ ಬೀದಿಯ ಸಲೂನಿನವರನ್ನು ಎಲ್ಲರೂ ರೇಡಿಯೊ ಮಾಮ ಎಂದೇ ಕರೆಯುತ್ತೇವೆ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಶುರುವಾದ ಮಾತು ಸಂಜೆ ಬೀಗ ಹಾಕುವವರೆಗೂ ನಿಲ್ಲುವುದಿಲ್ಲ. ಮನಸ್ಸು ಮಾತ್ರ ಅಪ್ಪಟ ಚಿನ್ನ. ಹದಿನೈದು ವರ್ಷದಿಂದ ನಾನು ಅವರಿಗೇ ತಲೆ ಒಪ್ಪಿಸಿದ್ದೇನೆ, ಜೊತೆಗೆ ಎರಡು ಕಿವಿಗಳನ್ನೂ. ಈ ಕಥೆಯನ್ನು ನನಗೆ ಹೇಳಿದವರೂ ಅವರೇ.

ಇಂಥ ಮಾಮನ ಒಬ್ಬಳೇ ಮಗಳು, ಕರೆದರೆ ಓಗೊಡುವುದಕ್ಕೂ ಒಂದು ಗಳಿಗೆ ಯೋಚಿಸುವವಳು. ವಯಸ್ಸು ಇಪ್ಪತ್ತು. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಮೂರು ತಿಂಗಳಿಂದ ಕೆಲಸ ಕಲಿಯುತ್ತಿದ್ದಳು. ಗಾಜು ತಿಕ್ಕಿ ಫ್ರೇಮಿಗೆ ಕೂರಿಸುವುದು, ಕಣ್ಣಿನ ಅಳತೆ ತೆಗೆಯುವುದು ಎಂದರೆ ಅವಳಿಗೆ ಪ್ರಾಣ. ಶನಿವಾರಕ್ಕೆ ಕಲಿಕೆ ಮುಗಿದು ಕೆಲಸ ಖಾಯಂ ಆಗುತ್ತದೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು.

ಸೋಮವಾರ ಆ ಅಂಗಡಿಯ ಯಜಮಾನರು ಕಟಿಂಗಿಗೆ ಬಂದವರು ಮಾಮನ ಮುಂದೆ ಬಾಯಿಬಿಟ್ಟರು.

"ನಿಮ್ಮ ಮಗಳ ಕೈಕೆಲಸದಲ್ಲಿ ಒಂದು ತಪ್ಪು ಹುಡುಕೋಕಾಗಲ್ಲ. ಆದ್ರೆ ಏನು ಕೇಳಿದ್ರೂ ಬಾಯೇ ಬಿಡಲ್ಲ. ಗಿರಾಕಿಗಳು ಈ ಹುಡುಗಿಗೆ ಕೆಲಸ ಬರುತ್ತೋ ಇಲ್ವೋ ಅಂತಾರೆ. ಶನಿವಾರದವರೆಗೆ ನೋಡ್ತೀನಿ. ಆಮೇಲೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಮಾಮ ಆ ರಾತ್ರಿಯೇ ಮಗಳನ್ನು ಎದುರಿಗೆ ಕೂರಿಸಿಕೊಂಡರು. ಇದಕ್ಕೆ ಔಷಧ ಅವರಿಗೆ ಗೊತ್ತಿತ್ತು. ಮಾತು ಕಲಿಯುವುದಕ್ಕೆ ಸಲೂನಿಗಿಂತ ಒಳ್ಳೆಯ ಶಾಲೆ ಎಲ್ಲಿದೆ?

"ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ ಕಣೇ. ಎರಡು ದಿನ ಸಂಜೆ ನನ್ನ ಅಂಗಡೀಲಿ ನಿಂತ್ಕೋ. ಬಂದವರನ್ನೆಲ್ಲ ಮಾತಾಡಿಸು. ನಾಲಿಗೆ ತಾನಾಗೇ ಸಡಿಲ ಆಗುತ್ತೆ."

ಮಂಗಳವಾರ ನಿಂತಳು. ಬುಧವಾರವೂ ನಿಂತಳು. ಬುಧವಾರ ಕುರ್ಚಿಯಲ್ಲಿ ನಾನೇ ಕೂತಿದ್ದೆ. ಬೆಂಚಿನ ಮೇಲೆ ಆರು ಜನ, ಟಿವಿ ಗದ್ದಲ, ಅದರ ಮೇಲೆ ಮಾಮನ ಗದ್ದಲ. ಪಾಪ, ಆ ಹುಡುಗಿ ಒಬ್ಬೊಬ್ಬರನ್ನೂ "ಹೇಗಿದೀರಿ?" ಎಂದು ಕೇಳಿದಳು. ಉತ್ತರ ಬರುವ ಮೊದಲೇ ಮಾಮ, "ಅವರಿಗೇನು, ಚೆನ್ನಾಗೇ ಇದಾರೆ!" ಎನ್ನುತ್ತಿದ್ದರು. ಅದೇ ಗಡಿಬಿಡಿಯಲ್ಲಿ ನನ್ನ ಎಡಗಿವಿಗೆ ಕತ್ತರಿಯೂ ತಾಗಿತು. "ನೀವು ಅಲ್ಲಾಡಿದ್ರಿ" ಎಂದರು. ನಾನು ಅಲ್ಲಾಡಿರಲಿಲ್ಲ. ಆದರೆ ಅವರ ಹತ್ತಿರ ವಾದ ಮಾಡಿ ಗೆದ್ದವರು ಯಾರಿದ್ದಾರೆ?

ಎರಡು ದಿನವೂ ಹುಡುಗಿ ಮನೆಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಮೂಟೆ ಹೊತ್ತವಳ ಹಾಗೆ ಸುಸ್ತು. ಮಾಮನಿಗೆ ಗಾಬರಿಯಾಯಿತು, ಸಿಟ್ಟೂ ಬಂತು. ಗುರುವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಆರೋಗ್ಯ ಕೇಂದ್ರದ ನರ್ಸಮ್ಮನ ಮುಂದೆ ಹೋಗಿ ಕೂತರು.

"ನೋಡಮ್ಮಾ, ನನ್ನ ಮಗಳು ಹೀಗೆ ಗುಮ್ಮನಗುಸುಕ ಆಗ್ಬಿಟ್ಟಿದಾಳೆ. ಒಂದು ಟಾನಿಕ್ ಕೊಡಿ. ಈ ಚಿಂತೇಲಿ ನನಗೇ ಜ್ವರ ಬಂದ ಹಾಗಿದೆ."

ನರ್ಸಮ್ಮ ಹುಡುಗಿಯ ಕಡೆ ತಿರುಗಿದರು. "ರಾತ್ರಿ ನಿದ್ದೆ ಬರುತ್ತಾ ಪುಟ್ಟಿ?"

"ಚೆನ್ನಾಗಿ ಬರುತ್ತೆ," ಎಂದರು ಮಾಮ.

"ಸ್ನೇಹಿತರಿದಾರಾ?"

"ಒಬ್ಬಳಿದಾಳೆ. ಅವಳೂ ಇವಳ ಥರಾನೇ."

"ಅಂಗಡೀಲಿ ಯಾವ ಕೆಲಸ ಇಷ್ಟ?"

"ಎಲ್ಲಾನೂ ಇಷ್ಟ."

ನರ್ಸಮ್ಮ ಎದ್ದು ಥರ್ಮಾಮೀಟರ್ ತಂದರು. "ಮಾಮ, ಜ್ವರ ಅಂದ್ರಲ್ಲ, ಆ ಅನ್ನಿ. ಇದು ನಾಲಿಗೆ ಕೆಳಗಿರಲಿ. ನಾನು ಹೇಳೋವರೆಗೂ ಬಾಯಿ ತೆಗೀಬೇಡಿ."

ಆಮೇಲೆ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿ ಸುಮ್ಮನೆ ಕೂತರು. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮಾಮನಿಗೆ ಜೀವ ಹೋದಂತಾಯಿತು. ಒಂದು, ಎರಡು, ಮೂರು... ಎಂಟು ಎಣಿಸುವಷ್ಟರಲ್ಲಿ ಹುಡುಗಿ ಬಾಯಿ ತೆರೆದಳು.

"ಕಣ್ಣಿನ ಅಳತೆ ತೆಗೆಯೋದು ತುಂಬಾ ಇಷ್ಟ. ಒಬ್ಬರೇ ಎದುರಿಗೆ ಕೂತಿರ್ತಾರೆ. ಅವರು ಹೇಗೆ ನೋಡ್ತಾರೆ, ತಲೆ ಎಷ್ಟು ಬಗ್ಗಿಸ್ತಾರೆ, ಎಲ್ಲಾ ಗಮನಿಸಬಹುದು. ನಿದ್ದೆ ಬರುತ್ತೆ, ಹಸಿವೂ ಆಗುತ್ತೆ. ನನ್ನ ಗೆಳತಿ ಹತ್ರ ಗಂಟೆಗಟ್ಟಲೆ ಮಾತಾಡ್ತೀನಿ. ತುಂಬಾ ಜನ ಒಟ್ಟಿಗೆ ಸೇರಿದ್ರೆ ಮಾತ್ರ ಸುಸ್ತಾಗುತ್ತೆ. ಆಮೇಲೆ ಸ್ವಲ್ಪ ಹೊತ್ತು ಒಬ್ಬಳೇ ಇದ್ರೆ ಸರಿ ಹೋಗುತ್ತೆ."

ಮಾಮ ಕಣ್ಣು ಕಣ್ಣು ಬಿಟ್ಟರು. ಮಗಳು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಅವರು ಕೇಳಿದ್ದೇ ಇಲ್ಲ. ಅವಳು ಇನ್ನೂ ಮುಗಿಸಿರಲಿಲ್ಲ.

"ಅಪ್ಪನಿಗೆ ಹತ್ತಿರದ್ದು ಸರಿಯಾಗಿ ಕಾಣಲ್ಲ ಸಿಸ್ಟರ್. ಆರು ತಿಂಗಳಿಂದ ಪೇಪರ್ ದೂರ ಹಿಡ್ಕೊಂಡು ಓದ್ತಿದಾರೆ. ನಿನ್ನೆ ಆ ಅಂಕಲ್ ಕಿವಿಗೆ ಕತ್ತರಿ ತಾಗ್ತು. ಅವರು ಅಲ್ಲಾಡಿರಲಿಲ್ಲ. ತುಂಬಾ ಸಲ ಹೇಳೋಣ ಅಂದ್ಕೊಂಡೆ. ಅಪ್ಪನ ಮಾತಿನ ಮಧ್ಯೆ ಸಂದೇ ಸಿಗಲಿಲ್ಲ."

ನರ್ಸಮ್ಮ ಥರ್ಮಾಮೀಟರ್ ತೆಗೆದರು. ಜ್ವರವೇನೂ ಇರಲಿಲ್ಲ. ಮಾಮ ಮಗಳ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು.

"ನಿಮ್ಮ ಮಗಳಿಗೆ ಕಾಯಿಲೆ ಇಲ್ಲ ಮಾಮ, ಜಂಬಾನೂ ಇಲ್ಲ. ಇಂಥವರನ್ನ ಅಂತರ್ಮುಖಿ ಅಂತಾರೆ. ನಿಮಗೆ ನಾಲ್ಕು ಜನ ಸೇರಿದ್ರೆ ಹುರುಪು ಬರುತ್ತೆ. ಅವಳಿಗೆ ಅದೇ ನಾಲ್ಕು ಜನರಿಂದ ಆಯಾಸ ಆಗುತ್ತೆ. ಅದು ಹುಟ್ಟುಗುಣ. ನೀವು ಮಾತಾಡ್ತಾ ಯೋಚಿಸ್ತೀರಿ, ಅವಳು ಯೋಚಿಸಿ ಮಾತಾಡ್ತಾಳೆ."

"ಹಾಗಾದ್ರೆ ಸುಮ್ಮನಿರೋರೆಲ್ಲ ಹೀಗೇನಾ?"

"ಅಲ್ಲ. ಚೆನ್ನಾಗಿದ್ದವರು ಇದ್ದಕ್ಕಿದ್ದ ಹಾಗೆ ಮಂಕಾದ್ರೆ, ಊಟ ನಿದ್ದೆ ಬಿಟ್ರೆ, ಇಷ್ಟದ ಕೆಲಸಾನೂ ಬೇಡ ಅಂದ್ರೆ, ಜನರನ್ನ ಕಂಡ್ರೆ ಕೈಕಾಲು ನಡುಗಿದ್ರೆ ತಡ ಮಾಡದೆ ಡಾಕ್ಟರ ಹತ್ರ ಕರ್ಕೊಂಡು ಬನ್ನಿ. ಇವಳಿಗೆ ಅದ್ಯಾವುದೂ ಇಲ್ಲ."

"ಈಗಲೇ ಹೋಗಿ ಯಜಮಾನರಿಗೆ ಎಲ್ಲಾ ಹೇಳ್ತೀನಿ," ಎಂದು ಮಾಮ ಎದ್ದು ನಿಂತರು.

"ಅಯ್ಯೋ, ಕೂತ್ಕೊಳ್ಳಿ ಮಾಮ! ಅವಳ ಮಾತು ಅವಳೇ ಆಡ್ಲಿ. ನಿಮ್ಮ ಕೆಲಸ ಒಂದೇ. ಯಾರಾದ್ರೂ ಅವಳನ್ನ ಏನಾದ್ರೂ ಕೇಳಿದಾಗ ಮನಸ್ಸಲ್ಲೇ ಹತ್ತರವರೆಗೆ ಎಣಿಸಿ."

ಶನಿವಾರ ಮಾಮ ಅಂಗಡಿಗೆ ಹೋದದ್ದು ಗಿರಾಕಿಯಾಗಿ. ಯಜಮಾನರು ಕಣ್ಣು ಪರೀಕ್ಷಿಸಿ, "ಓದೋ ಕನ್ನಡಕ ಬೇಕು. ನಂಬರ್ ಇದು. ಹಾಕ್ಬಿಡೋಣ ಅಲ್ವೇನಮ್ಮಾ?" ಎಂದು ಹುಡುಗಿಯನ್ನು ಕೇಳಿ ಆಗಲೇ ಚೀಟಿ ಬರೆಯಲು ಹೊರಟರು.

'ಹಾಕಿ, ಹಾಕಿ' ಎನ್ನಲು ಮಾಮನ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ತುಟಿ ಕಚ್ಚಿಕೊಂಡು ಎಣಿಸಿದರು. ಯಜಮಾನರ ಕೈಯನ್ನು ಮಾತ್ರ ಮೆಲ್ಲನೆ ಹಿಡಿದುಕೊಂಡರು. ಯಜಮಾನರಿಗೆ ಆಶ್ಚರ್ಯ. ರೇಡಿಯೊ ಸುಮ್ಮನಿದೆ! ಐದು, ಆರು, ಏಳು.

"ಬೇಡ ಸರ್," ಎಂದಳು ಹುಡುಗಿ. "ಅಪ್ಪ ದಿನವಿಡೀ ಓದಲ್ಲ, ಕೂದಲು ಕತ್ತರಿಸ್ತಾರೆ. ನೀವು ಸ್ವಲ್ಪ ಈ ಕುರ್ಚೀಲಿ ಕೂತ್ಕೊಳ್ಳಿ."

ಯಜಮಾನರನ್ನು ಕೂರಿಸಿದಳು. ಬೆಳಿಗ್ಗೆಯೇ ಸಲೂನಿನಿಂದ ತಂದಿಟ್ಟುಕೊಂಡಿದ್ದ ಬಾಚಣಿಗೆ ಕತ್ತರಿಯನ್ನು ತನ್ನ ಚೀಲದಿಂದ ತೆಗೆದು ಅಪ್ಪನ ಕೈಗೆ ಕೊಟ್ಟು ಅವರ ಹಿಂದೆ ನಿಲ್ಲಿಸಿದಳು. ಅಪ್ಪನ ಕಣ್ಣಿನಿಂದ ಬಾಚಣಿಗೆಯವರೆಗೆ ಟೇಪು ಹಿಡಿದಳು.

"ಐವತ್ತೈದು ಸೆಂಟಿಮೀಟರ್. ಪುಸ್ತಕ ಇಷ್ಟು ದೂರ ಹಿಡಿಯಲ್ಲ. ಓದೋ ನಂಬರ್ ಹಾಕಿದ್ರೆ ಕೂದಲು ಮಬ್ಬಾಗೇ ಕಾಣುತ್ತೆ. ಈ ದೂರಕ್ಕೆ ನಂಬರ್ ನೋಡೋಣ ಸರ್."

ಯಜಮಾನರು ಬೇರೆ ಗಾಜು ಇಟ್ಟು ನೋಡಿದರು. ಅವಳು ಹೇಳಿದ್ದೇ ಸರಿ.

"ಇಂಥದನ್ನೆಲ್ಲ ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?"

ಈ ಸಲ ಯಜಮಾನರೂ ಕಾದರು.

"ನೀವು ಕೇಳ್ತಿದ್ರಿ ಸರ್. ನಾನು ಹೇಳೋಷ್ಟರಲ್ಲಿ ಮುಂದಿನ ಗಿರಾಕಿ ಹತ್ರ ಹೋಗಿರ್ತಿದ್ರಿ."

ಯಜಮಾನರು ಜೋರಾಗಿ ನಕ್ಕರು. ನಗು ಮುಗಿದ ಮೇಲೆ, "ತಪ್ಪು ನಂದೇ" ಎಂದರು. ಕೆಲಸ ಖಾಯಂ ಆಯಿತು, ಸೋಮವಾರದಿಂದ ಒಳಗಿನ ಅಳತೆಯ ಮೇಜು ಅವಳದೇ. ಒಂದು ಸಲಕ್ಕೆ ಒಬ್ಬರೇ ಗಿರಾಕಿ. ಮಧ್ಯಾಹ್ನ ಅರ್ಧ ಗಂಟೆ ಅವಳ ಪಾಡಿಗೆ ಅವಳು. ಈಗ ಜನ ಅವಳನ್ನೇ ಕೇಳಿಕೊಂಡು ಬರುತ್ತಾರೆ.

ಮೊನ್ನೆ ನಾನು ಕಟಿಂಗಿಗೆ ಹೋಗಿದ್ದೆ. ಮಾಮನ ಮೂಗಿನ ಮೇಲೆ ಹೊಸ ಕನ್ನಡಕ. ಎರಡೂ ಕಿವಿ ಕ್ಷೇಮವಾಗಿ ಮನೆಗೆ ಬಂದವು. ಮಾತೇನೂ ಕಡಿಮೆಯಾಗಿಲ್ಲ ಬಿಡಿ. ಆದರೆ ಸಂಜೆ ಅವರ ಮಗಳು ಕೆಲಸ ಮುಗಿಸಿ ಅಲ್ಲಿಗೆ ಬಂದಾಗ, "ಇವತ್ತು ಕೆಲಸ ಹೇಗಿತ್ತು ಮಗಳೇ?" ಎಂದು ಕೇಳಿ ಕತ್ತರಿ ನಿಲ್ಲಿಸಿ ನಿಂತರು. ಅವರ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ತರಗತಿಯಲ್ಲಿ, ಕಾರ್ಖಾನೆಯಲ್ಲಿ, ನಿಮ್ಮ ಸಂಘದ ಸಭೆಯ ಕೊನೆಯ ಸಾಲಿನಲ್ಲಿ ಇರಬಹುದು. ಅವರನ್ನು ಮೂಗ ಎಂದು ರೇಗಿಸಬೇಡಿ, ಜಂಬದವರು ಎಂದು ದೂರ ಇಡಬೇಡಿ, ಅವರ ಉತ್ತರವನ್ನು ನೀವು ಹೇಳಬೇಡಿ. ಇವತ್ತೇ ಅವರನ್ನು ಒಂದು ಪ್ರಶ್ನೆ ಕೇಳಿ. ಕೇಳಿ, ಹತ್ತರವರೆಗೆ ಎಣಿಸಿ. ದಯವಿಟ್ಟು ಆರಕ್ಕೇ ಬಾಯಿ ಹಾಕಬೇಡಿ. ಏಳಕ್ಕೆ ಅವರು ಹೇಳಲಿರುವುದು ನಿಮ್ಮದೇ ಕಣ್ಣಿನ ವಿಷಯವಾಗಿರಬಹುದು.