ಕೂಸಿನ ತಲೆ ಬರುವ ಜಾಗ

ಆ ಮುಂಜಾನೆ ಮಳೆ ಬರುತ್ತಲೂ ಇರಲಿಲ್ಲ, ನಿಂತಿರಲೂ ಇಲ್ಲ. ಶ್ರಾವಣದ ಜಿಟಿಜಿಟಿ. ಭೀಮಾನದಿಯ ಕಡೆಯಿಂದ ಎದ್ದ ಗಾಳಿ ತೊಗರಿ ಹೊಲಗಳನ್ನು ತೋಯಿಸುತ್ತ ಊರೊಳಗೆ ನುಗ್ಗಿತ್ತು. ಎರೆಮಣ್ಣು ಹೆಜ್ಜೆ ಹೆಜ್ಜೆಗೂ ಕಾಲನ್ನು ಹಿಡಿದು ಕೇಳುವ ದಿನ: ಎಲ್ಲಿಗೆ ಹೊಂಟಿ, ಯಾಕ ಹೊಂಟಿ? ಜೈತುನಬಿ ಚಪ್ಪಲಿ ಕೈಯಲ್ಲಿ ಹಿಡಿದು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕೌದಿಯನ್ನು ಕಂಕುಳಲ್ಲಿ ಅವಚಿಕೊಂಡು ಗೌಡರ ಮನೆಯ ಕಟ್ಟೆ ಏರಿದಳು.

"ಅಲ್ಲೇ ನಿಂದ್ರ ಬೇ! ಕೆಸರ ಕಾಲೀಲೆ ಪಡಸಾಲಿ ಏರ್ತಿ? ಧರಣಿ ಕುಂತ ಮ್ಯಾಲ ನೀನೂ ಗೌಡಶಾನಿ ಆದಿಯೇನು?"

ಕಂಬಕ್ಕೆ ಒರಗಿ ಕೂತಿದ್ದ ಶಾರದಾಬಾಯಿ, ಗೌಡರ ಹೆಂಡತಿ, ನೀರಿನ ಚರಿಗೆಯನ್ನು ಕಾಲಿನಿಂದಲೇ ಮುಂದೆ ತಳ್ಳಿದಳು. ಜೈತುನಬಿ ಕಾಲು ತೊಳೆದುಕೊಂಡಳು. ತಾನು ಹೊಲಿದದ್ದನ್ನು ತೋರಿಸುವ ಹೊತ್ತಿಗೆ ಬೈಗುಳ ಆಕೆಯ ಕಿವಿಗೆ ಹೋಗುತ್ತಿರಲಿಲ್ಲ. ಚಾಪೆಯ ಮೇಲೆ ಕೌದಿ ಹಾಸಿದಳು.

ಜೈತುನಬಿಯದು ಪಿಂಜಾರರ ಮನೆತನ. ಹಿರಿಯರು ಬಿಲ್ಲು ಹಿಡಿದು ಊರೂರು ತಿರುಗಿ ಹತ್ತಿ ಹಿಂಜಿದವರು. ಮಶೀನು ಬಂದು ಬಿಲ್ಲು ಗೋಡೆ ಸೇರಿತು. ಗಂಡಸರು ಕೂಲಿಗೆ ಇಳಿದರು. ಹೆಂಗಸರು ಮಾತ್ರ ಸೂಜಿ ಬಿಡಲಿಲ್ಲ. ಹಗಲು ಕಂಡವರ ಹೊಲದಲ್ಲಿ ಕಸ ತೆಗೆದು, ಸಂಜೆ ಹಳೆ ಸೀರೆಗಳ ಮುಂದೆ ಕೂತರೆ ಜೈತುನಬಿಯ ಕೈ ಬೇರೆ ಯಾರದೋ ಆಗಿಬಿಡುತ್ತಿತ್ತು. ಬಾಗಿದ ಬೆನ್ನೂ ಬಾಗಿದ್ದನ್ನು ಮರೆಯುತ್ತಿತ್ತು. ಗೌಡರ ಮಗಳು ಶಾಂಭವಿ ತವರಿನಲ್ಲಿ ಗಂಡು ಹೆತ್ತಿದ್ದಳು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕೆಳಗೆ ಹಾಸಲು ತವರಿನ ಕೌದಿಯೇ ಬೇಕು.

ಕೌದಿಯ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟಿದ್ದಳು. ಕೊನೆಯ ಹೊಲಿಗೆಗೆ ಮುಂಚೆ ಆ ಬಾಯೊಳಗೆ ಮನೆಯ ಹಿರಿಯಳು ಒಂದು ಚೂರು ಹೋಳಿಗೆ ಇಡಬೇಕು. ಕೌದಿ ಹಸಿದಿದ್ದರೆ ಮಲಗಿದವರಿಗೆ ನಿದ್ದೆ ಬರದು ಎಂದು ಆಕೆಗೆ ಸೂಜಿ ಕೊಟ್ಟವರು ಹೇಳಿಕೊಟ್ಟಿದ್ದರು.

ಶಾರದಾಬಾಯಿಯ ಬೆರಳು ಸಾಲು ಸಾಲು ಹೊಲಿಗೆ ಸವರುತ್ತ ನಡುವಿಗೆ ಬಂದು ನಿಂತಿತು. ಅಲ್ಲೊಂದು ಹಸಿರು ಹೂವಿತ್ತು.

"ಇದ್ಯಾವ ಅರಿವಿ? ನಮ್ಮನಿದಲ್ಲ."

"ನೀವು ಕೊಟ್ಟಿದ್ದೆಲ್ಲ ರೇಶಿಮಿ, ಪಾಲಿಸ್ಟರ್ ಅವ್ವಾರ. ಅದು ಕೂಸಿನ ತಲಿ ಬರೋ ಜಾಗ. ಬಿರುಸು ಇದ್ರ ಗಲ್ಲ ಕೆಂಪಾಗ್ತದ." ಜೈತುನಬಿಯ ಮುಖದಲ್ಲಿ ನಗೆ ಇತ್ತು. "ನಮ್ಮವ್ವಂದು ಒಂದು ನೂಲಿನ ಸೀರಿ ಇತ್ತರಿ. ತೊಳದು ತೊಳದು ಬೆಣ್ಣಿ ಆಗಿತ್ತು. ಅರ್ಧ ನನ್ನ ಮಗಳ ಕೂಸಿಗಂತ ಇಟ್ಟು, ಅರ್ಧ ಇದಕ ಹಾಕೇನಿ."

ಶಾರದಾಬಾಯಿ ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

"ಸತ್ತಾಕಿ ಸೀರಿ? ಅದೂ ನಿಮ್ಮ ಮಂದೀದು? ಯಾವಾಕಿ ಮುಟ್ಟಾದಾಗ ಸುತ್ಕೊಂಡ ಅರಿವಿ ತಂದು ನನ್ನ ಮೊಮ್ಮಗನ ಮಾರಿಗೆ ಹೊಲದಿಯಲ್ಲ ಬೇ ರಂಡೀ!"

"ಅವ್ವಾ, ಭಾಳ ಮೆತ್ತಗದ. ಇರಲಿ ಬಿಡು," ಒಳಗಿನಿಂದ ಶಾಂಭವಿಯ ದನಿ ಬಂತು.

"ನೀ ಬಾಯಿ ಮುಚ್ಕೊಂಡು ಮಲ್ಕೊ!"

ಗೌಡರ ತಾಯಿಯ ಸೀರೆಯೂ ಅದೇ ಕೌದಿಯಲ್ಲಿತ್ತು. ಆಕೆಯೂ ಸತ್ತವಳೇ. ಹಿರಿಯರ ಆಶೀರ್ವಾದ ಇರಲಿ ಎಂದು ಶಾರದಾಬಾಯಿಯೇ ಕೊಟ್ಟಿದ್ದಳು. ಜೈತುನಬಿ ಆ ಸೆರಗಿನ ಸುಕ್ಕನ್ನು ಸವರಿ ಸರಿಮಾಡಿದಳು.

ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಶಾಂತಲಿಂಗಪ್ಪ ಗೌಡರು ಹೊರಗೆ ಬಂದರು. ಗೌಡರು ಎಂದೂ ಬೈದವರಲ್ಲ. ಹೇಳುತ್ತಾರೆ, ಅಷ್ಟೆ.

"ಇರಲಿ ಶಾರದಾ. ತಿಳೀಲಾರದ ಮಾಡ್ಯಾಳ. ಜೈತುನಬಿ, ಆ ತುಂಡ ಕಿತ್ತಿ ಬ್ಯಾರೆ ಹಾಕು. ತೊಟ್ಟಿಲ ದಿನ ತಂದು ಕೊಡು. ಮತ್ತ ನಾಳೆ ಸಾಹೇಬ ಬರ್ತಾನ ವಿಚಾರಣಿಗೆ. 'ಕೆರಿ ನಾವೇ ಅಗದೇವಿ' ಅನ್ನು. ಮುಗೀತು."

ಬೇಸಿಗೆಯಲ್ಲಿ ಊರ ಕೆರೆಯ ಹೂಳು ತೆಗೆಯುವ ಕೆಲಸ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಹೆಂಗಸರಿಗೆ ಬಂದಿತ್ತು. ಗೌಡರು ಮಶೀನು ತರಿಸಿ ಅಗೆಸಿದರು. ಕಾಗದದಲ್ಲಿ ಅಗೆದವರು ಹೆಂಗಸರೇ. ಕೆಲಸ ಕೇಳಲು ಹೋದರೆ "ನೀವು ಮಾಡಿ ಮುಗಿಸೀರಲ್ಲ" ಎಂಬ ಉತ್ತರ. ಅಂದಿನಿಂದ ಅಫಜಲಪುರದ ತಾಲೂಕು ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಅವರು ಧರಣಿ ಕೂತಿದ್ದರು. ಅರ್ಜಿಯಲ್ಲಿ ಮೊದಲ ಹೆಬ್ಬೆಟ್ಟು ಜೈತುನಬಿಯದು.

"ನಾವು ಅಗದಿಲ್ರಿ ಗೌಡ್ರ. ಮಶೀನಲೆ ಅಗದಾರ."

"ಹೌದು. ನನಗ ಗೊತ್ತದ, ನಿನಗ ಗೊತ್ತದ, ಮ್ಯಾಲಿನವಗೂ ಗೊತ್ತದ. ಸಾಹೇಬಗ ಯಾಕ ಗೊತ್ತಾಗಬೇಕು?" ಗೌಡರು ಸಾವಕಾಶ ಕುರ್ಚಿಯಲ್ಲಿ ಕೂತರು. "ನಂದೇನು ಜಬರದಸ್ತಿ ಇಲ್ಲ. ಒಲ್ಲೆ ಅಂದ್ರ ನಿನ್ನ ಗಂಡ ಖಾದರಸಾಬಗ ಹೇಳು, ನೀವಿರೋ ತೋಟದ ಖೋಲಿ ಕೀಲಿ ತಂದು ಕೊಡ್ಲಿ. ನಿನ್ನ ಮಗಳು ಹಸೀ ಬಾಣಂತಿ ಅಲ್ಲಾ? ಮಳಿಗಾಲ ಬ್ಯಾರೆ."

ಜೈತುನಬಿ ಕೌದಿ ಸುತ್ತಿಕೊಂಡು ಇಳಿದಳು. ಆಕೆ ಕೂತಿದ್ದಲ್ಲಿ ಶಾರದಾಬಾಯಿ ಒಂದು ಚರಿಗೆ ನೀರು ಸುರಿದಳು. ನೀರು ಹರಿದು ಮೆಟ್ಟಿಲಿಳಿದು ಜೈತುನಬಿಯ ಹಿಮ್ಮಡಿಯನ್ನೇ ಹಿಂಬಾಲಿಸಿತು.

*

ಗೌಡರ ತೋಟದಲ್ಲಿ ಪಂಪಿನ ಪಕ್ಕಕ್ಕೆ ಒಂದು ತಗಡಿನ ಖೋಲಿ. ಖಾದರಸಾಬ ಹರೆಯದಿಂದಲೂ ಆ ಪಂಪು ಕಾಯ್ದವನು. ಗೌಡರ ಅಂಗಳದಲ್ಲಿ ಆತ ತಲೆ ಎತ್ತಿದ್ದನ್ನು ಕಂಡವರಿಲ್ಲ. ಗೌಡರ ಮಾರಿ ಹೆಂಗದ ಎಂದು ಕೇಳಿದರೆ ಅವರ ಕಾಲುಂಗುಷ್ಠ ಹೇಳಿಯಾನು ಎಂದು ಊರು ನಗುತ್ತಿತ್ತು.

ಸುದ್ದಿ ಆತನಿಗೆ ಮೊದಲೇ ಮುಟ್ಟಿತ್ತು. ಜೈತುನಬಿ ಒಳಗೆ ಕಾಲಿಟ್ಟ ಕೂಡಲೇ ಕೆನ್ನೆಗೆ ಬಾರಿಸಿದ. ಎಡಗೈಯಿಂದ. ಬಲಗೈಯಲ್ಲಿ ಬಾಣಂತಿಗೆ ತಂದ ಬೆಲ್ಲ ಇತ್ತು.

"ಮನಿ ಒಂದ್, ಕೌದಿ ಒಂದ್, ಮ್ಯಾಲ ಧರಣಿ ಒಂದ್. ಮೂರೂ ಬಂಡಿ ನೀ ಒಬ್ಬಾಕೀನ ಎಳೀತಿ ಏನ್ ಬೇ? ಎತ್ತಿಗೆ ಸೈತ ಜೋಡಿ ಬೇಕಾಗ್ತದ!"

"ಜೋಡಿ ಎತ್ತು ಗೌಡ್ರ ಅಂಗಳದಾಗ ಮಂಡಿ ಊರಿ ಕುಂತದ. ಏನ್ ಮಾಡಲಿ?"

ಮತ್ತೆ ಎತ್ತಿದ ಕೈ ಹಾಗೇ ನಿಂತಿತು. ಮೂಲೆಯಲ್ಲಿ ಮಲಗಿದ್ದ ಮಗಳು ನೂರೀನ ನಕ್ಕಿದ್ದಳು. ಒಳ್ಳೆಯ ನಗೆಯಲ್ಲ.

"ಹೊಡೀಬ್ಯಾಡಪ್ಪಾ. ಆಕಿ ಊರಿಗೆ ಬೇಕಾದಾಕಿ." ಮಗಳು ತಾಯಿಯ ಕಡೆ ತಿರುಗಿದಳು. "ಗೌಡ್ರ ಕೂಸಿನ ಗಲ್ಲ ಕೆಂಪಾಗ್ತದಂತ ನಮ್ಮಜ್ಜಿ ಸೀರಿ ಹರದಿ. ನನ್ನ ಕೂಸಿನ ಪಾಲಿಂದು ಇನ್ನೂ ಗಂಟಿನಾಗೇ ಅದ. ನನ್ನ ಕೂಸು ಗೊಬ್ಬರ ಚೀಲದ ಮ್ಯಾಲ ಮಲಗೇದ. ಬೆನ್ನಿಗೆ ಬೊಬ್ಬಿ ಎದ್ದಾವ. ನೋಡೀಯೇನು? ಯಾವಾಗ ನೋಡ್ತಿ? ಹಗಲೆಲ್ಲ ಬೇವಿನ ಗಿಡದ ಬುಡಕ, ಸಂಜಿಗೆ ಸೂಜಿ ಮುಂದ."

ಜೈತುನಬಿ ಕೂಸನ್ನು ಬೋರಲು ಹಾಕಿ ನೋಡಿದಳು. ಸಣ್ಣ ಬೆನ್ನ ತುಂಬ ಸಾಸಿವೆ ಕಾಳಿನಂಥ ಗುಳ್ಳೆಗಳು. ಹರಳೆಣ್ಣೆ ಹಚ್ಚಿದಳು. ಮಗಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

"ನಾಳೆ 'ನಾವೇ ಅಗದೇವಿ' ಅಂತೀಯಿಲ್ಲೋ?" ಖಾದರಸಾಬನ ದನಿ ಈಗ ಅಳುವಂತಿತ್ತು. "ಅಲ್ಲಾಹನ ಆಣಿ, ಕೈ ಮುಗೀತೇನಿ. ಹಸೀ ಬಾಣಂತೀನ ಎಲ್ಲಿ ಇಡ್ಲಿ?"

ಆಕೆ ಒಲೆ ಊದಿದಳು. ಹಸಿ ಕಟ್ಟಿಗೆ. ಹೊಗೆ ಬಂತು, ಬೆಂಕಿ ಬರಲಿಲ್ಲ.

*

ಮರುದಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಸಾಹೇಬ ಕೂತ. ಹಿಂದೆ ಗೌಡರ ಆಳುಗಳು ಬೀಡಿ ಸೇದುತ್ತ ನಿಂತಿದ್ದರು. ಧರಣಿಯ ಮುಂದಾಳು ಸುಮಿತ್ರಾಬಾಯಿ ಕೆಳಗೇರಿಯವಳು, ಬಾಯಿಯೆಂದರೆ ಬಾಯಿ. ಆಕೆಯನ್ನು ಕೇಳದೆ ಸಾಹೇಬ ನೇರ ಜೈತುನಬಿಯನ್ನೇ ಕರೆದ.

"ಕೈ ತೋರಿಸಮ್ಮ."

ಎರಡೂ ಅಂಗೈ ತೋರಿಸಿದಳು. ಬೆರಳ ಬುಡದಲ್ಲಿ ಜಡ್ಡುಗಟ್ಟಿದ ಗಂಟುಗಳು.

"ನೋಡಿ, ನೋಡಿ! ಇದು ಕೆರೆ ಅಗೆದ ಕೈ ಅಲ್ಲವೇ?"

"ಖುರ್ಪಿ ಹಿಡದದ್ದರಿ ಸಾಹೇಬ್ರ. ಕಸ ತಗದು ತಗದು ಆಗ್ಯಾದ."

"ಖುರ್ಪಿಯೋ, ಸಲಿಕೆಯೋ, ಅಂಗೈ ಹೇಳುತ್ತದೆಯೇ?" ಎಂದ ಸಾಹೇಬ. ಆಳುಗಳು ನಕ್ಕರು. "ಮನೆಯಲ್ಲಿ ಬಾಣಂತಿ ಇದ್ದಾಳಂತೆ. ಬಿಟ್ಟು ಬಂದಿದ್ದೀಯ. ನೀನೆಂಥ ತಾಯಿ?"

"ಕೆಟ್ಟ ತಾಯಿ ಅಂತ ಬರಕೋರಿ," ಎಂದಳು ಜೈತುನಬಿ. "ಅದರ ಕೆಳಗ, ಕೆರಿ ಮಶೀನಲೆ ಅಗದಾರ ಅಂತ ಬರೀರಿ."

"ಹಾಂ, ಬರೀರಿ ಮತ್ತ!" ಎಂದು ಸುಮಿತ್ರಾಬಾಯಿ ಕೂಗಿದಳು. "ಪೆನ್ನಿನ ಶಾಯಿ ಗೌಡ ಕುಡದಾನೇನು?"

ಗಲಾಟೆ ಎದ್ದಿತು. ಅಷ್ಟರಲ್ಲಿ ಆಳೊಬ್ಬ ಖಾದರಸಾಬನ ರಟ್ಟೆ ಹಿಡಿದು ಮುಂದೆ ತಂದ. ಎಲ್ಲಿಂದ ಕರೆತಂದರೋ. ಮೈಯೆಲ್ಲ ತೊಯ್ದಿತ್ತು.

"ಇವ ಇಕಿ ಗಂಡರೀ. ಹೇಳೋ ಖಾದರ, ನಿನ್ನೆ ಏನ್ ಹೇಳಿ ಕೊಟ್ಟೇವಿ?"

ಖಾದರಸಾಬ ಸಾಹೇಬನ ಬೂಟು ನೋಡುತ್ತ ನಿಂತ.

"ಇಕಿ ತಲಿ ಸರಿ ಇಲ್ರಿ," ಎಂದ.

"ಗಟ್ಟ್ಯಾಗಿ."

"ಇಕಿ ತಲಿ ಸರಿ ಇಲ್ರಿ ಸಾಹೇಬ್ರ. ಏನೇನರೆ ಅಂತಾಳ. ಹೆಬ್ಬೆಟ್ಟ ಒತ್ತಿದ್ದೂ ಆಕಿಗೆ ನೆಪ್ಪಿಲ್ಲ."

ಸಾಹೇಬ ಆಗ ಪೆನ್ನಿನ ಟೊಪ್ಪಿಗೆ ತೆಗೆದ. ಅದನ್ನು ಮಾತ್ರ ಬರೆದುಕೊಂಡ. ಬರೆದದ್ದರ ಕೆಳಗೆ ಖಾದರಸಾಬನ ಹೆಬ್ಬೆಟ್ಟು ಒತ್ತಿಸಿಕೊಂಡು ಗಾಡಿ ಹತ್ತಿದ. ಖಾದರಸಾಬ ಹೆಬ್ಬೆರಳಿನ ಮಸಿಯನ್ನು ಬೇವಿನ ತೊಗಟೆಗೆ ಉಜ್ಜಿದ. ಮತ್ತೆ ಉಜ್ಜಿದ. ಆಮೇಲೆ ಯಾರ ಮುಖವನ್ನೂ ನೋಡದೆ ಹೊರಟುಹೋದ.

"ಭಾಡ್ಕೋ," ಎಂದು ಆತನ ಬೆನ್ನಿಗೆ ಉಗಿದಳು ಸುಮಿತ್ರಾಬಾಯಿ.

"ಬೈಬ್ಯಾಡಕ್ಕಾ," ಎಂದಳು ಜೈತುನಬಿ. "ಬ್ಲೇಡ್ ಇದ್ರ ಕೊಡು."

ಆಕೆ ಚೀಲದಿಂದ ಕೌದಿ ತೆಗೆದು ತೊಡೆಯ ಮೇಲೆ ಹಾಕಿಕೊಂಡಿದ್ದಳು. ನಡುವಿನ ಹಸಿರು ಹೂವನ್ನು ಮೊದಲು ಬಿಡಿಸಿದಳು. ಅದನ್ನು ಬದಲಿಸುತ್ತಾಳೆ ಎಂದುಕೊಂಡರು ಎಲ್ಲರೂ. ಬ್ಲೇಡು ನಿಲ್ಲಲಿಲ್ಲ. ಪಕ್ಕದ ಸಾಲು ಹೋಯಿತು, ಅದರ ಪಕ್ಕದ್ದೂ ಹೋಯಿತು. ಬೇಸಿಗೆಯಿಂದ ಶ್ರಾವಣದವರೆಗೆ ಕಣ್ಣು ಬತ್ತಿಸಿಕೊಂಡು ಓಡಿಸಿದ ದಾರ ಚರಚರ ಎಂದು ಕಿತ್ತುಬಂತು.

"ಖರೇನ ಹುಚ್ಚ ಹಿಡೀತೇನ ಬೇ ನಿನಗ?"

"ಗಂಡ ಬರಸಿ ಕೊಟ್ಟಾನಲ್ಲ. ಸುಳ್ಳ ಆಗಬಾರದು."

ಸುಮಿತ್ರಾಬಾಯಿ ಒಂದು ಗಳಿಗೆ ನೋಡಿದಳು. ಆಮೇಲೆ ಇನ್ನೊಂದು ತುದಿ ಎಳೆದುಕೊಂಡು ಹಲ್ಲಿನಿಂದ ದಾರ ಕಡಿಯತೊಡಗಿದಳು. ಉಳಿದವರೂ ಸುತ್ತ ಕೂತರು. ಬಿಡಿಸಿದ ತುಂಡುಗಳಲ್ಲಿ ಸೂಜಿಯ ತೂತುಗಳು ಉಳಿದಿದ್ದವು. ಬೆಳಕಿಗೆ ಹಿಡಿದರೆ ಸಾಲು ಸಾಲು ಕಾಣುತ್ತಿದ್ದವು.

*

ತೊಟ್ಟಿಲ ದಿನ ಗೌಡರ ಪಡಸಾಲೆ ಬಂಧು ಬಳಗದಿಂದ ತುಂಬಿತ್ತು. ಮಠದ ಅಯ್ಯನವರು ಹೂವಿನ ಗದ್ದುಗೆಯ ಮೇಲೆ ಕೂತು, ದೇವರ ಮುಂದೆ ಎಲ್ಲರೂ ಒಂದೇ ಎಂದು ಹೇಳಿ ಮುಗಿಸಿ ಹಾಲು ಕುಡಿಯುತ್ತಿದ್ದರು. ಕಟ್ಟಿಗೆಯ ತೊಟ್ಟಿಲಿಗೆ ಬಣ್ಣ ಬಳಿದಿದ್ದರು. ಒಳಗೆ ಬರಿಯ ಹಲಗೆ.

ಜೈತುನಬಿ ಗಂಟು ಹೊತ್ತು ಬಂದಳು. ಹಿಂದೆ ಖಾದರಸಾಬ. ಆವತ್ತಿನಿಂದ ಗಂಡ ಹೆಂಡತಿಯ ನಡುವೆ ಮಾತಿರಲಿಲ್ಲ.

"ಬಾರೋ ಖಾದರ," ಎಂದರು ಗೌಡರು, ನಾಲ್ಕು ಜನ ಕೇಳುವಂತೆ. "ಶಾಣ್ಯಾ ಮನಶ್ಯಾ. ಅರ್ಜಿ ಹರದು ಒಗದಾರ. ನೀ ಇರೋತನಕ ಆ ಖೋಲಿ ನಿಂದೇ, ಹೋಗು. ಉಂಡು ಹೋಗು."

ಖಾದರಸಾಬ ಎಂದಿನಂತೆ ನೆಲ ನೋಡಿದ.

ಜೈತುನಬಿ ಗಂಟನ್ನು ಶಾರದಾಬಾಯಿಯ ಮುಂದಿಟ್ಟು ಹಿಂದೆ ಸರಿದಳು. ಶಾರದಾಬಾಯಿ ಬಿಚ್ಚಿದಳು. ಒಗೆದು, ಒಣಗಿಸಿ, ಮಡಿಚಿಟ್ಟ ತುಂಡುಗಳು. ರೇಶಿಮೆ ರೇಶಿಮೆಯ ಜೊತೆ, ಪಾಲಿಸ್ಟರು ಪಾಲಿಸ್ಟರಿನ ಜೊತೆ. ಎಲ್ಲಕ್ಕೂ ಮೇಲೆ ಗೌಡರ ತಾಯಿಯ ಸೀರೆಯ ಸೆರಗು.

"ಕೌದಿ ಎಲ್ಲಿ ಬೇ?"

"ನಿಮ್ಮ ಅರಿವಿ ನಿಮಗ ಮುಟ್ಯಾವರಿ ಅವ್ವಾರ. ನಮ್ಮವ್ವನ ಅರಿವಿ ಒಂದ್ ಎಳಿನೂ ಅದರಾಗ ಇಲ್ಲ. ನನ್ನ ಹೊಲಿಗಿನೂ ಇಲ್ಲ."

ಅಯ್ಯನವರ ಲೋಟ ತುಟಿಯ ಬಳಿ ನಿಂತಿತು. ಬಾಗಿಲ ಸಂದಿಯಲ್ಲಿ ಶಾಂಭವಿ ಕೂಸನ್ನು ಎದೆಗೆ ಒತ್ತಿಕೊಂಡಳು. ಶಾರದಾಬಾಯಿಯ ಬಾಯಿ ತೆರೆಯುವ ಮೊದಲೇ ಗೌಡರು ನಕ್ಕುಬಿಟ್ಟರು. ತೊಡೆ ತಟ್ಟಿಕೊಂಡು ನಕ್ಕರು.

"ನೋಡ್ರೆಪ್ಪಾ ನೋಡ್ರಿ! ಸಾಹೇಬಗ ಖಾದರ ಖರೇನ ಹೇಳ್ಯಾನ. ಇಕಿ ತಲಿ ಸರಿ ಇಲ್ಲ! ಹೌದಲ್ಲೋ ಖಾದರ? ಇನ್ನೊಮ್ಮೆ ಹೇಳು, ಅಯ್ಯನೋರೂ ಕೇಳ್ಲಿ!"

ಬಂಧುಗಳು ನಕ್ಕರು. ಅಯ್ಯನವರೂ ಮುಗುಳ್ನಕ್ಕರು. ಎಲ್ಲರ ಕಣ್ಣು ಖಾದರಸಾಬನ ಮೇಲಿತ್ತು, ಜೈತುನಬಿಯದೊಂದು ಬಿಟ್ಟು. ಆಕೆ ಹೊರಗಿನ ಮಳೆ ನೋಡುತ್ತಿದ್ದಳು. ಈಗ ಜಿಟಿಜಿಟಿ ಹೋಗಿ ಧೋ ಎಂದು ಹಿಡಿದಿತ್ತು.

"ಹೇಳೋ!"

ಖಾದರಸಾಬ ಪಡಸಾಲೆ ಏರಿದ. ಕಾಲು ತೊಳೆದಿರಲಿಲ್ಲ. ಕೆಸರ ಹೆಜ್ಜೆ ಮೂಡಿಸುತ್ತ ಗೌಡರ ಕುರ್ಚಿಯವರೆಗೂ ನಡೆದ. ಅಂಗಿಯ ಒಳಜೇಬಿಗೆ ಕೈ ಹಾಕಿ ತೋಟದ ಖೋಲಿಯ ಕೀಲಿ ತೆಗೆದ. ನಗುತ್ತಿದ್ದ ಗೌಡರ ಕೈಯನ್ನು ತೊಡೆಯ ಮೇಲಿಂದ ಎತ್ತಿ, ಅಂಗೈ ಮೇಲೆ ಮಾಡಿ, ಅದರಲ್ಲಿ ಕೀಲಿ ಇಟ್ಟು ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿದ. ಮೈಯ ಶಾಖಕ್ಕೆ ಕೀಲಿ ಇನ್ನೂ ಬೆಚ್ಚಗಿತ್ತು.